ಎರಡು ಗಂಟೆಯ ಹಂಪಿ

ಡಿಸೆಂಬರ್ ಹತ್ತಿರವಾದಂತೆ ಶಾಲೆಗಳಲ್ಲಿ ಪ್ರವಾಸದ ಸಡಗರ. ಮಕ್ಕಳ ಕೈಯಲ್ಲಿ ನೋಟೀಸು ಮನೆಗೆ ಬರುತ್ತದೆ. ತುಂಗಭದ್ರಾ ಅಣೆಕಟ್ಟು, ಹಂಪಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ವಿಜಯಪುರದ ಗೋಳಗುಮ್ಮಟ. ಹೊತ್ತು ಉಳಿದರೆ ಬರುವಾಗ ಚಿತ್ರದುರ್ಗದ ಕೋಟೆ. ಇಷ್ಟೆಲ್ಲ ಮೂರು ದಿನಗಳಲ್ಲಿ! ನೋಟೀಸು ಓದುವ ಅಪ್ಪ ಮೊದಲು ಮಾಡುವ ಕೆಲಸವೆಂದರೆ ಸ್ಥಳಗಳನ್ನು ಎಣಿಸುವುದು. ಕಟ್ಟುವ ಹಣಕ್ಕೆ ಎಂಟು ಸ್ಥಳ ಸಿಕ್ಕರೆ ಲಾಭ, ಐದೇ ಆದರೆ ನಷ್ಟ. ‘ಪಕ್ಕದ ಶಾಲೆಯವರು ಹತ್ತು ತೋರಿಸುತ್ತಾರಂತೆ’ ಎಂಬ ಮಾತು ಪಾಲಕರ ಸಭೆಯಲ್ಲಿ ಬಂದೇ ಬರುತ್ತದೆ. ಮೇಷ್ಟ್ರು ಪಾಪ, ಪಟ್ಟಿಗೆ ಇನ್ನೊಂದು ಹೆಸರು ಸೇರಿಸುತ್ತಾರೆ.

ಈ ಪಟ್ಟಿಯಲ್ಲಿ ಹಂಪಿಯ ಪಾಲಿಗೆ ಬರುವುದು ಹೆಚ್ಚೆಂದರೆ ಎರಡು ಗಂಟೆ. ವಿಶ್ವ ಪರಂಪರೆಯ ತಾಣವಾಗಿ ಗುರುತಿಸಿರುವ ಹಂಪಿಯ ವ್ಯಾಪ್ತಿ ಸುಮಾರು 42 ಚದರ ಕಿಲೋಮೀಟರು. ಅಷ್ಟು ದೊಡ್ಡ ರಾಜಧಾನಿಯನ್ನು ಎರಡು ಗಂಟೆಯಲ್ಲಿ ಮುಗಿಸಬೇಕೆಂದರೆ ಮಕ್ಕಳು ಓಡಲೇಬೇಕು. ವಿರೂಪಾಕ್ಷನಿಗೆ ಕೈಮುಗಿದು, ಸಾಸಿವೆಕಾಳು ಗಣಪನನ್ನು ದಾಟಿ, ವಿಠಲ ದೇವಾಲಯದಲ್ಲಿ ಕಲ್ಲಿನ ತೇರಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರೆ ಆಯಿತು. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲೂ ಇದೇ ತೇರಿದೆ. ನೋಟು ತಿರುಗಿಸಿ ನೋಡುವಷ್ಟು ಹೊತ್ತೂ ತೇರಿನ ಮುಂದೆ ನಿಲ್ಲದೆ ವಾಪಸಾಗುವ ಮಕ್ಕಳು ಎಷ್ಟೋ.

ಹೀಗೆ ಓಡುವವರ ಕಣ್ಣಿಗಿಂತ ಕೈಯೇ ಚುರುಕು. ನೋಡಲು ಪುರುಸೊತ್ತಿಲ್ಲದವನು ಮುಟ್ಟುತ್ತಾನೆ, ತಟ್ಟುತ್ತಾನೆ, ಹತ್ತುತ್ತಾನೆ. ಇಂದಿನ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಹಲವರಿಗೆ ತಮ್ಮ ಶಾಲಾ ಪ್ರವಾಸದ ನೆನಪಿರಬಹುದು. ವಿಠಲ ದೇವಾಲಯದ ರಂಗಮಂಟಪದ ಸರಿಗಮಪ ಕಂಬಗಳನ್ನು ಬೆರಳಿನಿಂದ, ನಾಣ್ಯದಿಂದ, ಸಿಕ್ಕ ಕಲ್ಲಿನಿಂದ ತಟ್ಟಿ ಸ್ವರ ಕೇಳಿದ ನೆನಪು. ಈಗ ಆ ಕಂಬಗಳನ್ನು ತಟ್ಟುವಂತಿಲ್ಲ. ಕಲ್ಲಿನ ತೇರಿನ ಚಕ್ರಗಳೂ ಒಂದು ಕಾಲಕ್ಕೆ ತಿರುಗುತ್ತಿದ್ದವು. ತಿರುಗಿಸಿ ತಿರುಗಿಸಿ ಸವೆಯತೊಡಗಿದಾಗ ಸಿಮೆಂಟು ಹಾಕಿ ನಿಲ್ಲಿಸಬೇಕಾಯಿತು. ಅಪ್ಪ ಕೇಳಿದ ಸ್ವರ ಮಗಳ ಪಾಲಿಗೆ ಇಲ್ಲವಾಗಿದೆ. ಇಲ್ಲವಾಗಿಸಿದವರು ಯಾರೋ ದುಷ್ಟರಲ್ಲ, ಶಿಸ್ತಿನಿಂದ ಸಾಲಿನಲ್ಲಿ ಬಂದ ಒಳ್ಳೆಯ ಮಕ್ಕಳೇ.

ಗಣಿತದ ಮೇಷ್ಟ್ರು ತರಗತಿಯಲ್ಲಿ ಒಂದು ಲೆಕ್ಕ ಕೊಡಬಹುದು. ಒಂದು ಬಸ್ಸಿನಲ್ಲಿ 50 ಮಕ್ಕಳು. ಪ್ರತಿಯೊಬ್ಬರೂ ಕಂಬವನ್ನು ಒಂದೇ ಸಲ ತಟ್ಟುತ್ತಾರೆ. ದಿನಕ್ಕೆ 20 ಬಸ್ಸು ಬಂದವೆಂದು ಇಟ್ಟುಕೊಂಡರೆ 1,000 ಪೆಟ್ಟು. ಎರಡು ತಿಂಗಳ ಪ್ರವಾಸದ ಕಾಲಕ್ಕೆ 60,000. ಹತ್ತು ವರ್ಷಕ್ಕೆ? ‘ನಾನೊಬ್ಬ ಮುಟ್ಟಿದರೆ ಏನಾಗುತ್ತದೆ ಸಾರ್’ ಎಂದು ಕೇಳುವ ಹುಡುಗನಿಗೆ ಉತ್ತರ ಹೇಳಬೇಕಾಗಿಲ್ಲ. ಅವನ ಕೈಯಲ್ಲೇ ಗುಣಾಕಾರ ಮಾಡಿಸಿದರೆ ಸಾಕು.

ಬೇಕೆಂದೇ ಕೆಡಿಸುವವರೂ ಇಲ್ಲದಿಲ್ಲ. 2019ರ ಫೆಬ್ರವರಿಯಲ್ಲಿ ಗಜಶಾಲೆಯ ಹಿಂಭಾಗದ ವಿಷ್ಣು ದೇಗುಲದ ಕಂಬವೊಂದನ್ನು ಯುವಕರು ತಳ್ಳಿ ಉರುಳಿಸುವ ವಿಡಿಯೋ ದೇಶವೆಲ್ಲ ಹರಿದಾಡಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಲಾಯಿತು. ಶಿಕ್ಷೆ ಎಂದರೆ ಹೀಗಿರಬೇಕು ಎಂದು ಆಗ ಅನೇಕರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾನೂನಿದೆ. ಗೋಡೆಯ ಮೇಲೆ ಹೆಸರು ಗೀಚುವುದೂ ವಿರೂಪಗೊಳಿಸುವುದೇ ಎಂಬುದು ಕಾಲೇಜು ಹುಡುಗರಿಗೆ ತಿಳಿದಿದ್ದರೆ ಒಳ್ಳೆಯದು.

ಹಾಗೆಂದು ಪ್ರವಾಸಿಗರನ್ನಷ್ಟೇ ದೂರಿದರೆ ನ್ಯಾಯವಾಗದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಆನೆಗೊಂದಿಯ ಬಳಿ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆ ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಆ ಪಟ್ಟಿಯಿಂದ ಹಂಪಿ ಹೊರಬಂದದ್ದು 2006ರಲ್ಲಿ. ಅರ್ಧಕ್ಕೇ ನಿಂತು ಮತ್ತೆ ಶುರುವಾಗಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದೇ ಬಿತ್ತು. ದೊಡ್ಡವರ ತಪ್ಪುಗಳಿಗೆ ಮಕ್ಕಳು ಹೊಣೆಯಲ್ಲ ನಿಜ. ಆದರೆ ಪ್ರವಾಸದ ಪಟ್ಟಿಯನ್ನು ತಿದ್ದುವುದು ಶಾಲೆಯ ಕೈಯಲ್ಲೇ ಇದೆ, ಪಾಲಕರ ಕೈಯಲ್ಲೂ ಇದೆ.

ಎಂಟರ ಬದಲು ಎರಡೇ ಸ್ಥಳ ಇಟ್ಟುಕೊಂಡು, ಹಂಪಿಗೆ ಒಂದೂವರೆ ದಿನ ಕೊಟ್ಟು ನೋಡಿ. ವಿಠಲ ದೇವಾಲಯದ ಹಾದಿಯಲ್ಲಿ ವಾಹನಗಳನ್ನು ದೂರದಲ್ಲೇ ತಡೆದು ಬ್ಯಾಟರಿ ಗಾಡಿ ಬಿಟ್ಟಿದ್ದಾರೆ. ಗಾಡಿಗಾಗಿ ಸಾಲಿನಲ್ಲಿ ಕಾಯುವ ಹೊತ್ತಿಗೆ ಗಟ್ಟಿ ಕಾಲಿನ ಮಕ್ಕಳು ನಡೆದೇ ತಲುಪಬಹುದು. ದೂರ ಸುಮಾರು ಒಂದು ಕಿಲೋಮೀಟರು. ದಾರಿಯಲ್ಲಿ ಕುದುರೆಗೊಂಬೆ ಮಂಟಪವಿದೆ, ಪುಷ್ಕರಣಿ ಇದೆ. ಗಾಡಿಯಲ್ಲಿ ಹೋಗುವವರಿಗೆ ಇವು ಹಿಂದಕ್ಕೆ ಓಡುವ ಕಲ್ಲುಗಳು ಅಷ್ಟೆ.

ತೇರಿನ ಮುಂದೆ ಅರ್ಧ ಗಂಟೆ ನಿಂತ ಮಗು ಏನು ಕಾಣುತ್ತದೆ? ತೇರನ್ನು ಎಳೆಯುತ್ತಿರುವಂತೆ ಎರಡು ಆನೆಗಳಿವೆ. ಅವುಗಳ ಹಿಂದೆ ಗಮನವಿಟ್ಟು ನೋಡಿದರೆ ಕುದುರೆಯ ಹಿಂಗಾಲು, ಬಾಲ ಉಳಿದಿರುವುದು ಕಾಣುತ್ತದೆ. ಮೊದಲಿದ್ದದ್ದು ಕುದುರೆಗಳು, ಆನೆಗಳು ಆಮೇಲೆ ಬಂದು ಕುಳಿತವು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಫೋಟೋದಲ್ಲಿ ಇದೇ ತೇರಿನ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. ಆ ಹಳೆಯ ಚಿತ್ರದ ಒಂದು ಪ್ರತಿಯನ್ನು ಜೊತೆಗೊಯ್ದು, ಅಂದಿಗೂ ಇಂದಿಗೂ ಏನೇನು ವ್ಯತ್ಯಾಸ ಎಂದು ಹುಡುಕಲು ಹೇಳಿದರೆ ಯಾವ ಮಗುವೂ ಓಡುವುದಿಲ್ಲ, ಏನನ್ನೂ ಹತ್ತುವುದಿಲ್ಲ. ಕಾವಲುಗಾರನ ಸೀಟಿಯೂ ಬೇಕಾಗುವುದಿಲ್ಲ.

ವಿರೂಪಾಕ್ಷ ದೇವಾಲಯದಲ್ಲಿ ವಿಜ್ಞಾನದ ಪಾಠವೇ ಕಾದಿದೆ. ಗರ್ಭಗುಡಿಯ ಹಿಂಭಾಗದ ಕತ್ತಲೆ ಕೋಣೆಯ ಗೋಡೆಯ ಮೇಲೆ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬೆಳಕು ಒಂದು ಸಣ್ಣ ಕಿಂಡಿಯಿಂದ ಒಳಬರುವುದೇ ಇದರ ಗುಟ್ಟು. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಪುಸ್ತಕದಲ್ಲಿ ಓದಿ, ರಟ್ಟಿನ ಪೆಟ್ಟಿಗೆಯಲ್ಲಿ ಸೂಜಿರಂಧ್ರದ ಕ್ಯಾಮೆರಾ ಮಾಡಿದ ಹುಡುಗಿ ಅದನ್ನು ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಹಜಾರರಾಮ ದೇವಾಲಯದ ಗೋಡೆಯ ಮೇಲೆ ರಾಮಾಯಣವೇ ಕಲ್ಲಿನಲ್ಲಿದೆ. ಪ್ರದಕ್ಷಿಣೆ ಹಾಕುತ್ತಾ ಕತೆ ಓದಬಹುದು. ಅಜ್ಜಿಯ ಬಾಯಲ್ಲಿ ಕತೆ ಕೇಳಿದ ಮಕ್ಕಳಿಗೆ ಗೈಡಿನ ಸಹಾಯವೂ ಹೆಚ್ಚು ಬೇಕಾಗದು.

ಅರಮನೆ ಆವರಣದ ಮೆಟ್ಟಿಲು ಕೊಳವಂತೂ ನಿಧಾನವಾಗಿ ನೋಡಬೇಕಾದದ್ದು. ಮಣ್ಣಿನಡಿ ಹೂತುಹೋಗಿದ್ದ ಅದು ಬೆಳಕಿಗೆ ಬಂದದ್ದು 1980ರ ದಶಕದ ಉತ್ಖನನದಲ್ಲಿ. ಅದರ ಕಪ್ಪು ಕಲ್ಲುಗಳ ಮೇಲೆ ಕಲ್ಲುಕುಟಿಗರು ಗುರುತು ಕೊರೆದಿದ್ದಾರೆ. ಯಾವ ಕಲ್ಲು ಯಾವ ಸಾಲಿನಲ್ಲಿ, ಯಾವ ಜಾಗದಲ್ಲಿ ಕೂರಬೇಕು ಎಂಬ ಲೆಕ್ಕ ಅದು. ಬೇರೆ ಕಡೆ ಕಡಿದು ಸಿದ್ಧಪಡಿಸಿದ ಕಲ್ಲುಗಳನ್ನು ಇಲ್ಲಿ ತಂದು ಜೋಡಿಸಲು ಇದು ಬೇಕಾಗಿತ್ತು. ಐನೂರು ವರ್ಷಗಳ ಹಿಂದೆ ಹಂಪಿಯ ಕಲ್ಲಿನ ಮೇಲೆ ಹೀಗೆ ಗುರುತು ಮಾಡಿದವರು ಯಾರೂ ತಮ್ಮ ಹೆಸರು ಬರೆದುಕೊಂಡಿಲ್ಲ. ಅದೇ ಹಂಪಿಯ ಮಂಟಪಗಳ ಕಂಬಗಳಲ್ಲಿ ಇಂದು ಬಾಣ ಚುಚ್ಚಿದ ಹೃದಯವೂ ಎರಡು ಇನಿಷಿಯಲ್ಲೂ ಕಾಣುತ್ತವೆ.

ಊಟದ ವಿಚಾರ ಬೇರೆಯೇ ಕತೆ. ಬಹಳಷ್ಟು ಬಸ್ಸುಗಳು ಅಡುಗೆಯವರನ್ನು, ಗ್ಯಾಸ್ ಸಿಲಿಂಡರನ್ನು, ಅಕ್ಕಿ ಬೇಳೆಯನ್ನು ಊರಿನಿಂದಲೇ ಹೇರಿಕೊಂಡು ಬರುತ್ತವೆ. ಖರ್ಚು ಕಡಿಮೆಯಾಗುತ್ತದೆ, ಇಲ್ಲದಿದ್ದರೆ ಬಡವರ ಮಕ್ಕಳಿಗೆ ಪ್ರವಾಸವೇ ದೂರವಾದೀತು. ಅದನ್ನು ಹಳಿಯುವಂತಿಲ್ಲ. ಆದರೆ ಹೀಗೆ ಬಂದು ಹೋಗುವ ಬಸ್ಸಿನಿಂದ ಊರಿಗೆ ಸಿಗುವುದೇನು? ಎಂಜಲು ತಟ್ಟೆ ಮಾತ್ರ. ವಿರೂಪಾಕ್ಷನ ಎದುರಿನ ಬಜಾರದ ಮಂಟಪಗಳಲ್ಲಿ ಅಂಗಡಿ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದವರನ್ನು 2011ರಲ್ಲಿ ಸ್ಮಾರಕಗಳ ರಕ್ಷಣೆಗೆಂದು ಎಬ್ಬಿಸಲಾಯಿತು. ಆ ಕ್ರಮದ ಸರಿತಪ್ಪು ಏನೇ ಇರಲಿ, ಹಂಪಿಯ ಸುತ್ತಲಿನ ಬಹಳ ಮನೆಗಳ ಒಲೆ ಉರಿಯುವುದು ಇಂದಿಗೂ ಪ್ರವಾಸಿಗರಿಂದಲೇ. ಎರಡು ಹೊತ್ತಿನ ಅಡುಗೆ ಶಾಲೆಯದೇ ಇರಲಿ, ಒಂದು ಹೊತ್ತು ಊರಿನವರ ಇಡ್ಲಿ, ಮಿರ್ಚಿ ಆಗಬಾರದೇ? ಗುರುತಿನ ಚೀಟಿ ಇರುವ ಸ್ಥಳೀಯ ಗೈಡನ್ನು ಕರೆದುಕೊಂಡರೆ ಆ ಹಣವೂ ಅಲ್ಲೇ ಉಳಿಯುತ್ತದೆ. ಹೊಳೆಯಾಚೆ ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಆಟಿಕೆಗಿಂತ ಅಮ್ಮನಿಗೆ ಅದನ್ನು ತಂದುಕೊಟ್ಟರೆ ಹೆಚ್ಚು ಸಂತೋಷವಾದೀತು.

ಎಂಜಲು ತಟ್ಟೆ ಕೊನೆಗೆ ಸೇರುವುದು ಹೊಳೆಯನ್ನೇ. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿ ನಾಚಿಕೆಯ ಪ್ರಾಣಿ. ಗಲಾಟೆ ಇರುವಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೊಳೆಯ ದಡದಲ್ಲಿ ಸ್ಪೀಕರ್ ಹಾಕಿ ಕುಣಿಯುವ ಗುಂಪಿಗೆ ಅಂಥದೊಂದು ಜೀವ ಅಲ್ಲಿದೆ ಎಂದೇ ತಿಳಿಯದು. ಪ್ಲಾಸ್ಟಿಕ್ ಲೋಟ, ತಟ್ಟೆಗಳಿಗೆ ಕರ್ನಾಟಕದಲ್ಲಿ 2016ರಿಂದ, ದೇಶಾದ್ಯಂತ 2022ರ ಜುಲೈಯಿಂದ ನಿಷೇಧವಿದ್ದರೂ ದಡದಲ್ಲಿ ಅವು ಸಿಗುತ್ತಲೇ ಇವೆ. ಪ್ರತಿ ಮಗುವೂ ಮನೆಯಿಂದ ಒಂದು ಸ್ಟೀಲ್ ತಟ್ಟೆ, ಲೋಟ, ನೀರಿನ ಬಾಟಲಿ ತಂದರೆ ಈ ತಾಪತ್ರಯವೇ ಇಲ್ಲ. ತೊಳೆಯುವುದು ಯಾರು ಎಂದು ಕೇಳುವ ಮಕ್ಕಳಿದ್ದರೆ, ತಾವೇ ತೊಳೆಯಲು ಕಲಿಯಲಿ.

ಹೊರಡುವ ದಿನ ಗೊತ್ತುಮಾಡುವ ಮುನ್ನ ಇನ್ನೆರಡು ಮಾತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ 15 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ನೋಟೀಸಿನಲ್ಲಿ ಆ ಬಾಬ್ತು ಹಣ ಸೇರಿದ್ದರೆ ಪಾಲಕರು ಕೇಳಬಹುದು. ಮೊದಲು ನೋಡಬೇಕಾದದ್ದು ಕಮಲಾಪುರದ ವಸ್ತುಸಂಗ್ರಹಾಲಯ. ಬೆಟ್ಟ, ಹೊಳೆ, ಗುಡಿಗಳೆಲ್ಲ ಇರುವ ಹಂಪಿಯ ದೊಡ್ಡ ಮಾದರಿಯೊಂದು ಅಲ್ಲಿದೆ. ಅದರ ಸುತ್ತ ಒಂದು ಸುತ್ತು ಬಂದ ಮಕ್ಕಳಿಗೆ ಮುಂದೆ ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ತಾನೇ ತಿಳಿಯುತ್ತದೆ. ಶುಕ್ರವಾರ ಅದಕ್ಕೆ ರಜೆ. ಆ ದಿನ ಬಿಟ್ಟು ಹೊರಡಿ.