ಗಡಗಡ ಸದ್ದನ್ನು ಕಡೆಗಣಿಸದಿರಿ



ನಮ್ಮ ಭಟ್ಕಳದ ಎಷ್ಟೋ ಮನೆಗಳಲ್ಲಿ ಗಂಡಸರು ಗಲ್ಫ್‌ನಲ್ಲಿ, ಕಾರು ಅಂಗಳದಲ್ಲಿ. ಆಸ್ಪತ್ರೆಗೋ ಮದುವೆಗೋ ಹೊರಡುವಾಗ ಡ್ರೈವರನ್ನು ಕರೆಯುತ್ತೇವೆ. ಕಾರಿನ ವಿಚಾರ ನಮಗೇಕೆ ಎಂದು ಹಿಂದಿನ ಸೀಟಿನಲ್ಲಿ ಸುಮ್ಮನೆ ಕುಳಿತುಬಿಡುತ್ತೇವೆ. ನಾನೂ ಹಾಗೆ ಕುಳಿತಿದ್ದವಳೇ.

ಕಳೆದ ಎಪ್ರಿಲ್‌ನಲ್ಲಿ ಅತ್ತೆಯವರನ್ನು ಕುಮಟಾದ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದೆವು. ಅವರಿಗೆ ಆಸ್ತಮಾ. ಕಿಟಕಿ ತೆರೆದರೆ ಹೆದ್ದಾರಿಯ ಧೂಳು, ಮುಚ್ಚಿದರೆ ಕರಾವಳಿಯ ಸೆಕೆ. ಹಾಗಾಗಿ ನಮ್ಮ ಹಳೆಯ ಕಾರಿನ ಎ.ಸಿ. ಶೋಕಿಗಾಗಿ ಇದ್ದುದಲ್ಲ. ಅದನ್ನು ಹಾಕಿದಾಗಲೆಲ್ಲ ಬಾನೆಟ್ಟಿನೊಳಗೆ ಗಡಗಡ ಸದ್ದು ಬರುವುದನ್ನು ಎರಡು ವಾರಗಳಿಂದ ಕೇಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಮಂಕಿ ದಾಟಿದ ಮೇಲೆ 'ಟಪ್' ಎಂದಿತು. ತಂಪು ಗಾಳಿ ನಿಂತಿತು. ಶರಾವತಿ ಸೇತುವೆ ದಾಟಿ ಹೊನ್ನಾವರದ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಅತ್ತೆಯವರು ಏದುಸಿರು ಬಿಡುತ್ತಿದ್ದರು. ಚೀಲದಲ್ಲಿದ್ದ ಇನ್‌ಹೇಲರ್ ಕೊಟ್ಟು, ನೆರಳಿನಲ್ಲಿ ಕುಳ್ಳಿರಿಸಿದೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಟೀಚರ್, ಗ್ಯಾಸ್ ಖಾಲಿಯಾದದ್ದಲ್ಲ. ಕಂಪ್ರೆಸರೇ ಅಲ್ಲಾಡುತ್ತಿದೆ" ಎಂದ. ಒಂದು ಬೋಲ್ಟ್ ಎಲ್ಲೋ ಬಿದ್ದುಹೋಗಿತ್ತು, ಇನ್ನೊಂದು ಸಡಿಲವಾಗಿತ್ತು, ಬೆಲ್ಟ್ ತುಂಡಾಗಿತ್ತು. ತಂಪು ಕಡಿಮೆಯಾಯಿತೆಂದು ಅದಕ್ಕೆ ಮೊದಲು ಬೇರೊಂದು ಕಡೆ ಎರಡು ಸಲ ಗ್ಯಾಸ್ ತುಂಬಿಸಿದ್ದೆವು. ಬೋಲ್ಟನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಕಂಪ್ರೆಸರ್ ಎಂದರೆ ತಂಪು ಮಾಡುವ ಗ್ಯಾಸನ್ನು ಒತ್ತಿ ಕಳಿಸುವ ಪಂಪು. ಅದನ್ನು ಒಂದು ಬ್ರಾಕೆಟ್ಟಿನ ಮೂಲಕ ಎಂಜಿನ್ನಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎಂಜಿನ್ನಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ವರ್ಷಗಟ್ಟಲೆ ಅದುರಿ ಅದುರಿ ಬೋಲ್ಟ್ ಸಡಿಲವಾಗುತ್ತದೆ. ನಮ್ಮ ಕಡಲ ತೀರದ ಉಪ್ಪುಗಾಳಿಗೆ ತುಕ್ಕೂ ಬೇಗ ಹಿಡಿಯುತ್ತದೆ. ಕಂಪ್ರೆಸರ್ ವಾಲಿದರೆ ಬೆಲ್ಟ್ ಜಾರಿ ತಂಪು ಕಡಿಮೆಯಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಇನ್ನೂ ಬಿಟ್ಟರೆ ಬ್ರಾಕೆಟ್ ಬಿರುಕು ಬಿಡಬಹುದು, ಗ್ಯಾಸಿನ ಪೈಪೂ ಒಡೆಯಬಹುದು. ಬೋಲ್ಟಿನಲ್ಲಿ ಮುಗಿಯುವ ಖರ್ಚು ಹಲವು ಸಾವಿರಕ್ಕೆ ಏರುವುದು ಹೀಗೆ.

ಆತ ಇದ್ದ ಬೋಲ್ಟನ್ನೇ ತಿರುಗಿಸಿ ಬಿಗಿ ಮಾಡಲಿಲ್ಲ. ತೂತುಗಳ ಮರೆಯನ್ನು ಸ್ವಚ್ಛಗೊಳಿಸಿ, ಬ್ರಾಕೆಟ್ಟಿನಲ್ಲಿ ಬಿರುಕಿಲ್ಲವೆಂದು ನೋಡಿ, ಅದೇ ಅಳತೆಯ ಹೊಸ ಬೋಲ್ಟ್‌ಗಳನ್ನು ಹಾಕಿದ. ಬೋಲ್ಟ್ ಮತ್ತೆ ಸಡಿಲವಾಗದಂತೆ ಅಂಟು ಹಚ್ಚಿದ. ಅತಿಯಾಗಿ ಬಿಗಿದರೂ ಮರೆ ಕೆಡುತ್ತದೆಯಂತೆ. ಹೊಸ ಬೆಲ್ಟ್ ನೇರವಾಗಿ ಕೂತಿದೆಯೇ, ಬಿಗಿ ಸರಿಯಿದೆಯೇ ಎಂದು ಪರೀಕ್ಷಿಸಿದ. ಗ್ಯಾಸನ್ನು ಮುಟ್ಟಲೇ ಇಲ್ಲ.

ನೀವೂ ಇಷ್ಟನ್ನು ನೆನಪಿಡಿ. ಎ.ಸಿ. ಹಾಕಿದಾಗ ಹೊಸ ಸದ್ದು ಬಂದರೆ ಅಂದೇ ಹೇಳಿ. ಗ್ಯಾಸ್ ತುಂಬಿಸುವ ಮೊದಲು ಬೋಲ್ಟ್, ಬೆಲ್ಟ್ ನೋಡಲು ಕೇಳಿ. ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಕಂಪ್ರೆಸರನ್ನು ಕೈಯಿಂದ ಅಲುಗಿಸಿ ತೋರಿಸಲು ಹೇಳಿ, ಅದು ಕದಲಬಾರದು. ನಮ್ಮ ಕಾರಿನಲ್ಲಿ ಎ.ಸಿ.ಗೆ ಬೇರೆ ಬೆಲ್ಟ್ ಇದ್ದುದರಿಂದ ಹೊನ್ನಾವರ ಮುಟ್ಟಿದೆವು. ಕೆಲವು ಕಾರುಗಳಲ್ಲಿ ಒಂದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವುದನ್ನೂ, ಎಂಜಿನ್ ತಣಿಸುವ ನೀರಿನ ಪಂಪನ್ನೂ ನಡೆಸುತ್ತದೆ. ಬ್ಯಾಟರಿಯ ಕೆಂಪು ದೀಪ ಹತ್ತಿದರೆ, ಬಿಸಿಯ ಮುಳ್ಳು ಏರಿದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿ. ಎಂಜಿನ್ ತಿರುಗುತ್ತಿರುವಾಗ ದುಪಟ್ಟಾ, ಬುರ್ಖಾದ ಅಂಚು, ಮಕ್ಕಳ ಕೈ ಹತ್ತಿರ ಸುಳಿಯದಿರಲಿ. ಅಂಗಳದಲ್ಲೇ ನಿಂತ ಕಾರಾದರೆ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿರಿ. ಒಳಗಿನ ಎಣ್ಣೆ ಹರಿದು ಸೀಲುಗಳು ಒಣಗದೆ ಉಳಿಯುತ್ತವೆ.

ಕುಮಟಾದಿಂದ ಮರಳುವಾಗ ಕಾರು ಸದ್ದಿಲ್ಲದೆ ಓಡಿತು. ಅತ್ತೆಯವರು ಮೆಲ್ಲಗೆ ಹೇಳಿದರು: "ನನಗೂ ಆ ಸದ್ದು ಕೇಳಿಸುತ್ತಿತ್ತಮ್ಮಾ. ಓದಿದವಳು ನೀನೇ ಹೇಳುತ್ತೀಯೆಂದು ಸುಮ್ಮನಿದ್ದೆ."

ಕೇಳಿಸಿದ್ದನ್ನು ಹೇಳಲು ಕಾರು ಓಡಿಸಲು ಬರಬೇಕೆಂದೇನೂ ಇಲ್ಲ, ಸಹೋದರಿಯರೇ.