ಬಿಳುಪಿನ ಭ್ರಮೆ

ಮೊನ್ನೆ ಮಿತ್ರರೊಬ್ಬರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ನಡುಮನೆಯಲ್ಲಿ, ಸೋಫಾದ ಪಕ್ಕದಲ್ಲಿ, ಆಳೆತ್ತರದ ಗ್ರೀಕ್ ಸುಂದರಿಯೊಬ್ಬಳು ಹೆಗಲ ಮೇಲೆ ಕೊಡ ಹೊತ್ತು ನಿಂತಿದ್ದಳು. ಗಾರೆಯ ಬೊಂಬೆ, ಹಾಲಿನಂಥ ಬಿಳುಪು. “ಒಂದು ಬಣ್ಣವಿಲ್ಲ, ಒಂದು ಆಡಂಬರವಿಲ್ಲ. ಕ್ಲಾಸಿಕಲ್ ಎಂದರೆ ಇದು ಮೇಷ್ಟ್ರೇ!” ಎಂದರು ಮಿತ್ರರು. ಅತ್ತ ಅವರ ತಾಯಿ ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಉಂಡ ಮನೆಯಲ್ಲಿ ವಾದ ಹೂಡಬಾರದೆಂದು ಸುಮ್ಮನೆ ಬಂದೆ. ಅಲ್ಲಿ ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತೇನೆ.

ಆ ಬಿಳುಪಿಗೆ ಎರಡೂವರೆ ಸಾವಿರ ವರ್ಷದ ವಯಸ್ಸಿಲ್ಲ, ಹೆಚ್ಚೆಂದರೆ ಇನ್ನೂರೆಪ್ಪತ್ತು. ಅದು ಗ್ರೀಕರದಲ್ಲ, ಗ್ರೀಕರನ್ನು ಮೆಚ್ಚಿದವರದು.

ಇಟಲಿಯಲ್ಲಿ 1738ರಲ್ಲಿ ಹರ್ಕ್ಯುಲೇನಿಯಮ್, 1748ರಲ್ಲಿ ಪಾಂಪೆ ನಗರಗಳ ಉತ್ಖನನ ಆರಂಭವಾಯಿತು. ಬಳುಕು ಬಳ್ಳಿಗಳ ಅಲಂಕಾರದಿಂದ ಬೇಸತ್ತಿದ್ದ ಯುರೋಪು ಪ್ರಾಚೀನರ ಕಡೆಗೆ ತಿರುಗಿತು. ನಿಯೋಕ್ಲಾಸಿಕಲ್, ಎಂದರೆ ನವ ಅಭಿಜಾತ ಎಂದು ಹೆಸರಾದ ಶೈಲಿ ಹುಟ್ಟಿದ್ದು ಹೀಗೆ. ಅದಕ್ಕೆ ಮಂತ್ರ ಹೇಳಿಕೊಟ್ಟ ಪುರೋಹಿತ ಜರ್ಮನಿಯ ವಿಂಕಲ್‌ಮನ್. ಸರಳತೆ ಮತ್ತು ಶಾಂತಿಯೇ ಗ್ರೀಕ್ ಶಿಲ್ಪದ ತಿರುಳೆಂದು ಅವನು 1755ರಲ್ಲಿ ಸಾರಿದ. ಸುಂದರವಾದ ದೇಹ ಬೆಳ್ಳಗಿದ್ದಷ್ಟೂ ಹೆಚ್ಚು ಸುಂದರವೆಂದು 1764ರ ತನ್ನ ಕಲಾಚರಿತ್ರೆಯಲ್ಲಿ ಬರೆದ. ದೊಡ್ಡ ವಿದ್ವಾಂಸನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವನು ಗ್ರೀಸಿನ ನೆಲವನ್ನೇ ಮೆಟ್ಟಿದವನಲ್ಲ. ಅವನು ರೋಮಿನಲ್ಲಿ ಕಂಡವುಗಳಲ್ಲಿ ಬಹುಪಾಲು ರೋಮನ್ನರ ಕಾಲದ ಪ್ರತಿಗಳು. ಮಣ್ಣಿನಲ್ಲಿ ಹುದುಗಿ, ಮಳೆಯಲ್ಲಿ ತೊಯ್ದು, ಉಜ್ಜಿಸಿಕೊಂಡು ಬಣ್ಣ ಕಳೆದುಕೊಂಡವು. ಪಾಂಪೆಯಲ್ಲಿ 1760ರಲ್ಲಿ ಬಣ್ಣದ ಗುರುತುಗಳಿದ್ದ ಆರ್ಟೆಮಿಸ್ ದೇವಿಯ ವಿಗ್ರಹವೊಂದು ಸಿಕ್ಕಿದಾಗ, ಅದು ಎಟ್ರಸ್ಕನ್ನರದಿರಬೇಕು ಎಂದು ಮೊದಲು ಅವನು ಪಕ್ಕಕ್ಕಿಟ್ಟ. ಕಣ್ಣು ಕಂಡದ್ದನ್ನು ಸಿದ್ಧಾಂತ ಒಪ್ಪಲಿಲ್ಲ!

ಗ್ರೀಕರು ಅಮೃತಶಿಲೆಗೆ ಬಣ್ಣ ಬಳಿಯುತ್ತಿದ್ದರು. ಕೂದಲಿಗೆ, ತುಟಿಗೆ, ಕಣ್ಣಿಗೆ, ಸೀರೆಯಂಥ ಉಡುಪಿನ ಅಂಚಿಗೆ, ಎಲ್ಲಕ್ಕೂ ಬಣ್ಣ. ಇದು ಇಂದು ನಿನ್ನೆ ತಿಳಿದ ಸಂಗತಿಯೂ ಅಲ್ಲ. ಏಜೀನಾ ದ್ವೀಪದ ದೇವಾಲಯದ ಶಿಲ್ಪಗಳನ್ನು 1811ರಲ್ಲಿ ಅಗೆದು ತೆಗೆದವರು ಅವುಗಳ ಮೇಲೆ ಬಣ್ಣವನ್ನು ಕಂಡಿದ್ದರು. ಆ ಶಿಲ್ಪಗಳನ್ನು ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಸೆನ್ನನ ಕೈಗೆ ಕೊಟ್ಟರು. ಅವನು ಮುರಿದ ಕೈಕಾಲುಗಳ ಜಾಗಕ್ಕೆ ಹೊಸ ಅಮೃತಶಿಲೆಯಲ್ಲಿ ಕೈಕಾಲು ಕಡೆದು ಜೋಡಿಸಿದ. 1960ರ ದಶಕದಲ್ಲಿ ಮ್ಯೂನಿಚ್ಚಿನ ಸಂಗ್ರಹಾಲಯ ಅವನ್ನೆಲ್ಲ ಕಳಚಿ ತೆಗೆಯಿತು. ಅದೇ ನಗರದಲ್ಲಿ 2003ರಲ್ಲಿ, ಉಳಿದ ಗುರುತುಗಳನ್ನು ಪರೀಕ್ಷಿಸಿ ಬಣ್ಣ ಹಚ್ಚಿದ ಪ್ರತಿಗಳ ಪ್ರದರ್ಶನ ನಡೆಯಿತು. ಬಣ್ಣದ ಛಾಯೆ ಯಾವುದೆಂಬ ಬಗ್ಗೆ ಜಗಳವಿರಬಹುದು. ಬಣ್ಣವಿತ್ತೆಂಬ ಬಗ್ಗೆ ಇಲ್ಲ.

“ಇರಲಿ, ನವ ಅಭಿಜಾತ ಶೈಲಿ ಒಂದು ಸ್ವತಂತ್ರ ಕಲೆ, ಅದನ್ನು ಪುರಾತತ್ತ್ವದ ತಕ್ಕಡಿಯಲ್ಲಿ ತೂಗಬೇಡಿ” ಎಂದು ಅಭಿಮಾನಿಗಳು ಹೇಳಬಹುದು. ಒಪ್ಪಿದೆ. ಕನೋವಾನಂಥ ಶಿಲ್ಪಿಗೆ ಯಾರು ತಾನೆ ಕೈಮುಗಿಯರು? ಆದರೆ ಆ ಕನೋವಾನೇ ತನ್ನ ಶಿಲ್ಪಗಳಿಗೆ ಮೇಣ ಸವರಿ ನಸುಬಣ್ಣ ಕೊಡುತ್ತಿದ್ದ. ಅವನ ಹೀಬಿಯ ಕೆನ್ನೆಯ ಕೆಂಪನ್ನು ಕಂಡು ಮುಖ ಸಿಂಡರಿಸಿದವರು ವಿಮರ್ಶಕರು. ಪಾರ್ಥೆನಾನಿನ ಶಿಲ್ಪಗಳನ್ನು ದುರಸ್ತಿ ಮಾಡಿಕೊಡೆಂದು ಎಲ್ಗಿನ್ ಪ್ರಭು ಕೇಳಿದಾಗ, ಅವನ್ನು ಮುಟ್ಟುವುದೇ ಅಪಚಾರವೆಂದು ನಿರಾಕರಿಸಿದವನೂ ಅವನೇ. ಗುರುವಿಗಿದ್ದ ವಿನಯ ಶಿಷ್ಯಕೋಟಿಗೆ ಬರಲಿಲ್ಲ.

ಇದೇ ಶೈಲಿಯ ಬಡಗಿಗಳನ್ನು ನೋಡಿ. ಗ್ರೀಕರ ಮನೆಯ ಮರದ ಕುರ್ಚಿಗಳು ಉಳಿದು ಬಂದಿರಲಿಲ್ಲ. ಮಡಕೆಗಳ ಮೇಲಿನ ಚಿತ್ರಗಳನ್ನು ನೋಡಿ, ಕತ್ತಿಯಂತೆ ಹೊರಕ್ಕೆ ಬಾಗಿದ ಕಾಲುಗಳ ‘ಕ್ಲಿಸ್ಮೋಸ್’ ಕುರ್ಚಿಯನ್ನು ಅವರು ಹೊಸದಾಗಿ ಕಲ್ಪಿಸಿಕೊಳ್ಳಬೇಕಾಯಿತು. ಪ್ರಾಚೀನರ ಮುಕ್ಕಾಲಿ ಪೀಠವನ್ನು ನೋಡಿ ಪ್ಯಾರಿಸಿನಲ್ಲಿ 1773ರಲ್ಲಿ ‘ಅಥೇನಿಯೆನ್’ ಎಂಬುದನ್ನು ಮಾಡಿದರು. ಅದು ಧೂಪ ಹಾಕುವುದಕ್ಕೂ ಆಯಿತು, ಹೂ ಇಡುವುದಕ್ಕೂ ಆಯಿತು. ನೆಪೋಲಿಯನ್ನನ ಮನೆಯಲ್ಲಿ ಅದೇ ಮಾದರಿ ಕೈಮುಖ ತೊಳೆಯುವ ಬೋಗುಣಿಗೆ ಆಸರೆಯಾಯಿತು. ಇಂಗ್ಲೆಂಡಿನ ಕುರ್ಚಿ ಮೇಜುಗಳ ಮೇಲೆ ಬಣ್ಣದ ಹೂಮಾಲೆಗಳೇ ಅರಳಿದವು. ಕುರ್ಚಿ ಮನುಷ್ಯನ ಭಾರ ಹೊರಬೇಕು. ಸಿದ್ಧಾಂತದ ಮೇಲೆ ಯಾರೂ ಕೂಡಲಾರರು. ಹಳೆಯದರಿಂದ ಕಲಿತು ಇಂದಿನ ಬಾಳಿಗೆ ಒಗ್ಗಿಸಿಕೊಂಡ ಬಡಗಿ ಪರಂಪರೆಗೆ ನಿಷ್ಠನಾದ; ಅದರ ಬಣ್ಣಗೆಟ್ಟ ಹೆಣವನ್ನು ಪೂಜಿಸಿದವನಲ್ಲ.

ಈ ಭ್ರಮೆಯಿಂದ ಯಾರಿಗೇನು ನಷ್ಟ ಎನ್ನುವಿರಾ? ಕೇಳಿ. ಕನೋವಾ ಮುಟ್ಟಲು ಅಂಜಿದ ಅದೇ ಪಾರ್ಥೆನಾನ್ ಶಿಲ್ಪಗಳನ್ನು 1937-38ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಹೊಸ ಅಂಕಣಕ್ಕೆ ಹಣ ಕೊಟ್ಟ ಡುವೀನ್ ಪ್ರಭುವಿನ ಇಷ್ಟದಂತೆ ಬೆಳ್ಳಗೆ ಮಾಡಲು ಹೊರಟರು. ಕೆಲಸದವರು ತಾಮ್ರದ ಉಪಕರಣಗಳಿಂದ ಹೆರೆದರು. ಸುದ್ದಿ ಅಧಿಕಾರಿಗಳಿಗೆ ಮುಟ್ಟುವ ಹೊತ್ತಿಗೆ ಹಲವು ಶಿಲ್ಪಗಳ ಮೂಲ ಮೇಲ್ಮೈ ಹಾಳಾಗಿತ್ತು. ಎರಡು ಸಾವಿರ ವರ್ಷಗಳ ಬಿಸಿಲು ಮಳೆ, ಯುದ್ಧ, ಸಿಡಿಮದ್ದು ಇವನ್ನೆಲ್ಲ ತಾಳಿಕೊಂಡ ಕಲ್ಲು ರಸಿಕರ ಶುದ್ಧಿಯ ಹುಚ್ಚನ್ನು ತಾಳಲಿಲ್ಲ. ಹೆರೆದುದನ್ನು ಮರಳಿ ತರಬಲ್ಲ ಶಿಲ್ಪಿ ಇನ್ನೂ ಹುಟ್ಟಿಲ್ಲ.

ಕನ್ನಡ ಪಾಠ ಹೇಳುವ ನನಗೆ ಈ ಹುಚ್ಚು ಅಪರಿಚಿತವಲ್ಲ. ಹಳೆಯದೆಂದರೆ ಬೆರಕೆಯಿಲ್ಲದ್ದು, ಶುದ್ಧವಾದದ್ದು ಎಂದು ನಂಬಿ ತರಗತಿಗೆ ಬರುವ ಹುಡುಗರನ್ನು ವರ್ಷವರ್ಷವೂ ಕಾಣುತ್ತೇನೆ. ಮಾರ್ಗವನ್ನೂ ದೇಶಿಯನ್ನೂ ಬೆಸೆದ ಪಂಪನನ್ನು ಓದಿದ ಮೇಲೆ ಆ ನಂಬಿಕೆ ಕರಗುತ್ತದೆ. ಅಭಿಜಾತವೆಂಬುದು ಬೋಳಾದದ್ದಲ್ಲ, ಬಾಳಿದ್ದು. ಕಾಲ ಕಸಿದುಕೊಂಡದ್ದನ್ನು ಪೂರ್ವಿಕರೇ ಬಿಟ್ಟುಕೊಟ್ಟರೆಂದು ಹೇಳುವುದು ಅವರಿಗೆ ಮಾಡುವ ಗೌರವವಲ್ಲ.

ನನ್ನ ಮಿತ್ರರು ಬೊಂಬೆಯನ್ನು ಮನೆಯಿಂದ ಹೊರಹಾಕಬೇಕಾಗಿಲ್ಲ. ಬಿಳುಪು ಚೆಂದವೆಂದು ಇಟ್ಟುಕೊಂಡಿದ್ದರೆ ನನ್ನ ತಕರಾರೇ ಇಲ್ಲ. ಗ್ರೀಕರಂತೆಯೇ ಇರಬೇಕೆಂಬ ಹಟವಿದ್ದರೆ ಮಾತ್ರ, ಅವರ ತಾಯಿಯ ಕೈಯಲ್ಲಿದ್ದ ಆ ಕುಂಕುಮದ ಬಟ್ಟಲನ್ನು ಹೊಸಿಲಿನಿಂದ ನಡುಮನೆಯವರೆಗೆ ತಂದರಾಯಿತು.