ಹಸಿರು ಚುಕ್ಕಿ ಮತ್ತು ಅಕ್ಕಿ ಗಿರಣಿ

ಹೋದ ದೀಪಾವಳಿಗೆ ಭಾವ ಬೆಂಗಳೂರಿಂದ ಎಲೆಕ್ಟ್ರಿಕ್ ಕಾರಲ್ಲಿ ಬಂದಿದ್ರು. ಹೈವೇಯಲ್ಲಿ ಏನೂ ತೊಂದರೆ ಆಗ್ಲಿಲ್ಲ. ತಿಂಡಿ, ಕಾಫಿ, ಒಂದು ಸುತ್ತು ಹರಟೆ ಮುಗಿಯೋಷ್ಟರಲ್ಲಿ ಚಾರ್ಜ್ ಆಗಿತ್ತಂತೆ. ಮಲೆನಾಡಿನ ನಮ್ಮ ಪುಟ್ಟ ತಾಲೂಕು ಕೇಂದ್ರ ಮುಟ್ಟುವಾಗ ಬ್ಯಾಟರಿ 11 ಪರ್ಸೆಂಟ್. ಊರಿಗೆಲ್ಲ ಇರೋದು ಒಂದೇ ಚಾರ್ಜರ್, ಮೊಬೈಲಿನಲ್ಲಿ ಅದರ ಮೇಲೆ ಹಸಿರು ಚುಕ್ಕಿ. ಹೋಗಿ ನೋಡಿದ್ರೆ ಪರದೆ ಕಪ್ಪು, ಮುಂದೆ ಎರಡು ಬೈಕು, ಪೆಟ್ಟಿಗೆ ಮೇಲೆ ಯಾರದ್ದೋ ಹೆಲ್ಮೆಟ್! ಫೋನ್ ಮಾಡಿದ್ರೆ "ನಮ್ಮ ಸಿಸ್ಟಂನಲ್ಲಿ ವರ್ಕಿಂಗ್ ಅಂತಾನೇ ತೋರಿಸ್ತಿದೆ ಸರ್" ಅಂದ್ರು. ಎದುರಿಗೆ ನಿಂತು ನೋಡ್ತಿರೋನು ನಾನು ಮಾರಾಯ್ರೆ!

ಮನೆಯಲ್ಲಿ ಹಾಕೋಣ ಅಂದ್ರೆ ಅಜ್ಜನ ಕಾಲದ ವೈರಿಂಗು. ಅರ್ಥಿಂಗ್ ಸರಿ ಇಲ್ಲ ಅಂತ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಯ್ತು. ಕೊನೆಗೆ ಮಾನ ಉಳಿಸಿದ್ದು ಅಕ್ಕಿ ಗಿರಣಿ.

2017ರಲ್ಲೇ ದೇಶದಲ್ಲಿ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. 2024ರ ಹೊತ್ತಿಗೆ 5 ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್, ದೇಶಕ್ಕೇ ಫಸ್ಟು. ಸಂತೋಷ. ಆದ್ರೆ ಅದರಲ್ಲಿ ಮುಕ್ಕಾಲು ಪಾಲು ಇರೋದು ಬೆಂಗಳೂರಲ್ಲಿ. ಅಲ್ಲಿ ಒಂದು ಕೆಟ್ಟರೆ ಎರಡು ರಸ್ತೆ ಆಚೆ ಇನ್ನೊಂದು ಸಿಗುತ್ತೆ. ಇಲ್ಲಿ ಒಂದು ಕೆಟ್ಟರೆ ಊರೇ ಸೊನ್ನೆ. ಹಾಗಾಗಿ ಎಷ್ಟು ಹಾಕಿದ್ದೀರಿ ಅನ್ನೋ ಲೆಕ್ಕ ನಮಗೆ ಬೇಡ, ಇವತ್ತು ಎಷ್ಟು ನಡೀತಿವೆ ಹೇಳಿ ಸಾಕು.

"ನಿಮ್ಮೂರಲ್ಲಿ ಯಾರ ಹತ್ರ ಇದೆ ಸ್ವಾಮಿ ಎಲೆಕ್ಟ್ರಿಕ್ ಕಾರು?" ಅಂತ ಕೇಳೋರಿದ್ದಾರೆ. ಕೆಟ್ಟ ಪೆಟ್ಟಿಗೆ ನೋಡಿಕೊಂಡು ಯಾರು ತಗೋತಾರೆ ನೀವೇ ಹೇಳಿ. ಯಾರೂ ತಗೊಳ್ಳಲ್ಲ ಅಂತ ರಿಪೇರಿ ಮಾಡಲ್ಲ, ರಿಪೇರಿ ಮಾಡಲ್ಲ ಅಂತ ಯಾರೂ ತಗೊಳ್ಳಲ್ಲ. ಅಷ್ಟಕ್ಕೂ ದೀಪಾವಳಿಗೆ, ಜಾತ್ರೆಗೆ, ಮದುವೆಗೆ ಬೆಂಗಳೂರಿಂದ ಬರೋ ಕಾರುಗಳು ಇಲ್ಲಿಂದ ವಾಪಸ್ ಹೋಗೋದು ಬೇಡವೇ?

2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗಿಗೆ ಅಂತಲೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಯಂತ್ರ ತಂದು ನಿಲ್ಲಿಸಿದ್ದಕ್ಕಿಂತ ಪ್ರತಿ ತಿಂಗಳು ಅದು ನಡೆದಿದ್ದಕ್ಕೆ ಹೆಚ್ಚು ದುಡ್ಡು ಕೊಡಿ, ಆಗ ಯಾರಾದ್ರೂ ಬಂದು ನೋಡ್ತಾರೆ.

ಇನ್ನೊಂದು ಮಾತು. ಸಣ್ಣ ಊರಿಗೆಲ್ಲ ಲಕ್ಷಗಟ್ಟಲೆ ಖರ್ಚಿನ ಫಾಸ್ಟ್ ಚಾರ್ಜರೇ ಆಗಬೇಕು ಅಂತೇನಿಲ್ಲ. ಬಂದವರು ಹೇಗೂ ರಾತ್ರಿ ಉಳೀತಾರೆ. ಅರ್ಥಿಂಗ್ ನೆಟ್ಟಗಿರೋ ಒಂದು 16 ಆಂಪಿಯರ್ ಸಾಕೆಟ್ಟು ಸುಮಾರು 3 ಕಿಲೋವ್ಯಾಟ್ ಕೊಡುತ್ತೆ, ಎಂಟು ಗಂಟೆ ನಿದ್ದೆ ಮಾಡಿ ಎದ್ದರೆ 24 ಯೂನಿಟ್. ಯೂನಿಟ್ಟಿಗೆ ಆರು ಕಿಲೋಮೀಟರ್ ಹಿಡಿದ್ರೂ ಮುಂದಿನ ದೊಡ್ಡ ಊರು ಆರಾಮಾಗಿ ಸಿಗುತ್ತೆ. ಲಾಡ್ಜು, ಕಲ್ಯಾಣ ಮಂಟಪಗಳಲ್ಲಿ ಎರಡೆರಡು ಹಾಕಿದ್ರೆ ಸಾಕು. ಲೈಸೆನ್ಸ್ ಬೇಕಲ್ಲ ಅನ್ನೋರಿಗೆ ಹೇಳ್ತೀನಿ, ಬೇಡ. ಚಾರ್ಜಿಂಗ್ ಅಂದ್ರೆ ವಿದ್ಯುತ್ ಮಾರಾಟ ಅಲ್ಲ ಅಂತ 2018ರಲ್ಲೇ ಕೇಂದ್ರ ಇಂಧನ ಸಚಿವಾಲಯ ಸ್ಪಷ್ಟ ಮಾಡಿದೆ.

ನಮ್ಮೂರ ಲಾಡ್ಜಿನವರಿಗೆ ಇಷ್ಟೂ ಹೇಳಿದೆ. ಕರೆಂಟ್ ಬಿಲ್ ಯಾರು ಕಟ್ತಾರೆ ಅಂತ ಕೇಳಿದ್ರು. ಸಬ್ ಮೀಟರ್ ಹಾಕಿ, ಯೂನಿಟ್ಟಿಗೆ ಇಷ್ಟು ಅಂತ ತಗೊಳ್ಳಿ ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾರೆ.